ಸೆವೆರಸ್ ರಾಜವಂಶ: ಕಲೆ, ವಾಸ್ತು ಮತ್ತು ರಾಜನೀತಿ

ಕ್ರಿ.ಶ. 193ರಿಂದ 235ರ ವರೆಗೆ, ನಡುವೆ ಮ್ಯಾಕ್ರೈನಸನು ಆಳಿದ ಹದಿನಾಲ್ಕು ತಿಂಗಳುಗಳನ್ನು ಕಳೆದರೆ, ರೋಮನ್ ಚಕ್ರಾಧಿಪತ್ಯವನ್ನು ಆಳಿದ ಮನೆತನವೇ ಸೆವೆರಸ್ ರಾಜವಂಶ. ಇದರ ಮೂಲಪುರುಷನಾದ ಸೆಪ್ಟಿಮಿಯಸ್ ಸೆವೆರಸನು ಉತ್ತರ ಆಫ್ರಿಕದ ಕಡಲ ತಡಿಯಲ್ಲಿದ್ದ ಲೆಪ್ಟಿಸ್ ಮ್ಯಾಗ್ನಾ ಪಟ್ಟಣದವನು. ಆತನ ಪತ್ನಿ ಜೂಲಿಯಾ ಡೊಮ್ನಾ ಸಿರಿಯದ ಎಮೆಸಾ ನಗರದಲ್ಲಿ ಎಲಗಬಾಲ ದೇವರ ಪೂಜೆಯನ್ನು ಪರಂಪರೆಯಾಗಿ ನಡೆಸಿಕೊಂಡು ಬಂದ ಅರ್ಚಕ ಮನೆತನದ ಹೆಣ್ಣುಮಗಳು. ಸಿಂಹಾಸನದ ಮೇಲೆ ಈ ದಂಪತಿಗಳಿಗೆ ಜನ್ಮಸಿದ್ಧವಾದ ಹಕ್ಕು ಯಾವುದೂ ಇರಲಿಲ್ಲ. ಖಡ್ಗಬಲದಿಂದ ದೊರೆತ ಅಧಿಕಾರಕ್ಕೆ ವಂಶದ ಗೌರವವನ್ನೂ ದೈವದ ಒಪ್ಪಿಗೆಯನ್ನೂ ತಂದುಕೊಡುವ ಹೊಣೆಯನ್ನು ಶಿಲ್ಪಿಗಳೂ ಸ್ಥಪತಿಗಳೂ ನಾಣ್ಯ ಮುದ್ರಿಸುವವರೂ ಹೊರಬೇಕಾಯಿತು. ಆದುದರಿಂದ ಈ ನಾಲ್ಕು ದಶಕಗಳ ಕಲೆಯನ್ನು ರಾಜಕಾರಣದಿಂದ ಬೇರ್ಪಡಿಸಿ ನೋಡುವುದು ಸಾಧ್ಯವಿಲ್ಲ; ಕುಟುಂಬದ ಐಕಮತ್ಯವನ್ನು ಸಾರಲೆಂದು ನಿಲ್ಲಿಸಿದ ಸ್ಮಾರಕಗಳೇ ಆ ಕುಟುಂಬದೊಳಗಿನ ಹತ್ಯೆಗಳಿಗೂ ಸಾಕ್ಷಿಯಾಗಿ ಉಳಿದಿರುವುದು ಇದಕ್ಕೆ ಪ್ರಬಲವಾದ ಪ್ರಮಾಣವಾಗಿದೆ.

ಕ್ರಿ.ಶ. 192ರ ಡಿಸೆಂಬರ್ 31ರಂದು ಚಕ್ರವರ್ತಿ ಕಾಮಡಸನ ಕೊಲೆಯಾಯಿತು. ಅವನ ಸ್ಥಾನಕ್ಕೆ ಬಂದ ವೃದ್ಧ ಪರ್ಟಿನ್ಯಾಕ್ಸನು ಮೂರು ತಿಂಗಳು ತುಂಬುವುದರೊಳಗಾಗಿ ತನ್ನ ಅಂಗರಕ್ಷಕರ ಕೈಯಿಂದಲೇ ಹತನಾದನು. ಪ್ರೀಟೋರಿಯನ್ ಪಡೆಯೆಂದು ಹೆಸರಾದ ಆ ಅಂಗರಕ್ಷಕರು ಚಕ್ರಾಧಿಪತ್ಯವನ್ನು ಹರಾಜಿಗಿಟ್ಟು, ತಲೆಗೆ 25,000 ಸೆಸ್ಟರ್ಸ್ ಕೊಡುವೆನೆಂದ ಡಿಡಿಯಸ್ ಜೂಲಿಯಾನಸನಿಗೆ ಅದನ್ನು ಒಪ್ಪಿಸಿದರು. ಈ ಅವಮಾನದ ಸುದ್ದಿ ಗಡಿನಾಡುಗಳನ್ನು ಮುಟ್ಟಿದೊಡನೆ ಮೂರು ಕಡೆಗಳಲ್ಲಿ ಸೈನ್ಯಗಳು ತಮ್ಮ ತಮ್ಮ ಸೇನಾನಿಗಳನ್ನು ಚಕ್ರವರ್ತಿಗಳೆಂದು ಘೋಷಿಸಿದವು. ಡ್ಯಾನ್ಯೂಬ್ ನದಿಯ ದಡದ ಕಾರ್ನುಂಟಮ್ ಶಿಬಿರದಲ್ಲಿ 193ರ ಏಪ್ರಿಲ್ 9ರಂದು ಸೆವೆರಸನ ಹೆಸರು ಮೊಳಗಿತು. ರೋಮಿಗೆ ಎಲ್ಲರಿಗಿಂತ ಸಮೀಪದಲ್ಲಿದ್ದವನೂ ಎಲ್ಲರಿಗಿಂತ ಮೊದಲು ಹೊರಟವನೂ ಆತನೇ. ಜೂನ್ ಮೊದಲಿಗೆ ಜೂಲಿಯಾನಸನ ಕಥೆ ಮುಗಿಯಿತು. 194ರಲ್ಲಿ ಸಿರಿಯದ ಪೆಸ್ಸೆನಿಯಸ್ ನೈಗರನೂ, 197ರ ಫೆಬ್ರುವರಿಯಲ್ಲಿ ಲುಗ್ಡುನಮ್ ಪಟ್ಟಣದ ಬಳಿ ನಡೆದ ಮಹಾಯುದ್ಧದಲ್ಲಿ ಬ್ರಿಟನ್ನಿನ ಕ್ಲೋಡಿಯಸ್ ಆಲ್ಬೈನಸನೂ ಸೋತು ಅಳಿದರು. ಆಲ್ಬೈನಸನ ಪಕ್ಷ ವಹಿಸಿದರೆಂಬ ಆಪಾದನೆಯ ಮೇಲೆ ಇಪ್ಪತ್ತೊಂಬತ್ತು ಮಂದಿ ಸೆನೆಟ್ ಸದಸ್ಯರು ಪ್ರಾಣ ತೆರಬೇಕಾಯಿತೆಂದು, ತಾನೂ ಆ ಸಭೆಯ ಸದಸ್ಯನಾಗಿದ್ದ ಇತಿಹಾಸಕಾರ ಡಿಯೋ ಕ್ಯಾಸಿಯಸನು ಬರೆದಿಟ್ಟಿದ್ದಾನೆ.

ಯುದ್ಧಗಳು ಇನ್ನೂ ಮುಗಿಯದಿದ್ದಾಗಲೇ, 195ರಲ್ಲಿ, ಸೆವೆರಸನು ಒಂದು ಅಪೂರ್ವವಾದ ಕಾರ್ಯವನ್ನು ಮಾಡಿದನು: ಹದಿನೈದು ವರ್ಷಗಳ ಹಿಂದೆಯೇ ತೀರಿಹೋಗಿದ್ದ ಮಾರ್ಕಸ್ ಆರೇಲಿಯಸ್ ಚಕ್ರವರ್ತಿಗೆ ತಾನು ದತ್ತುಪುತ್ರನೆಂದು ತಾನೇ ಸಾರಿಕೊಂಡನು. ದತ್ತು ತೆಗೆದುಕೊಳ್ಳುವವನು ಬದುಕಿರಬೇಕೆಂಬ ಲೋಕರೂಢಿಯೂ ಆತನನ್ನು ತಡೆಯಲಿಲ್ಲ. ಈ ಒಂದು ಘೋಷಣೆಯಿಂದ, ಜನ ಹೇಸಿಕೊಂಡಿದ್ದ ಕಾಮಡಸನು ಆತನಿಗೆ ಸಹೋದರನಾದನು, ಸಹೋದರನಾದ ಮೇಲೆ ದೇವತಾಪದವಿಗೂ ಏರಿದನು. ಬಾಸಿಯಾನಸ್ ಎಂಬ ಹೆಸರಿನ ಹಿರಿಯ ಮಗನು, ಮುಂದೆ ಕಾರಕಲ್ಲಾ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧನಾದವನು, ಮಾರ್ಕಸ್ ಆರೇಲಿಯಸ್ ಆಂಟೊನೈನಸ್ ಎಂಬ ಹೆಸರನ್ನು ಧರಿಸಿದನು. ಜೂಲಿಯಾ ಡೊಮ್ನಾ ಹಿಂದೆ ಮಾರ್ಕಸನ ರಾಣಿಗೆ ಸಂದಿದ್ದ ‘ಸೇನಾಶಿಬಿರಗಳ ಮಾತೆ’ ಎಂಬ ಬಿರುದನ್ನು ಪಡೆದಳು. ಶಿಲ್ಪಿಗಳು ಈ ಕಲ್ಪಿತ ಸಂಬಂಧಕ್ಕೆ ರೂಪ ಕೊಟ್ಟರು. ಸೆವೆರಸನ ಮುಖಶಿಲ್ಪಗಳಲ್ಲಿ ಕಾಣುವ ಗುಂಗುರು ಕೂದಲು, ಸೀಳಿ ಇಳಿಬಿಟ್ಟ ಗಡ್ಡ, ಪ್ರಶಾಂತವಾದ ದೃಷ್ಟಿ ಇವೆಲ್ಲವೂ ಮಾರ್ಕಸನ ಪ್ರತಿಮೆಗಳಿಂದ ಬಂದವುಗಳೆಂಬುದು ಎರಡನ್ನೂ ಅಕ್ಕಪಕ್ಕದಲ್ಲಿರಿಸಿ ನೋಡಿದವರಿಗೆ ತಟ್ಟನೆ ಹೊಳೆಯುತ್ತದೆ. ಈಜಿಪ್ಟಿನ ಪ್ರವಾಸದ ತರುವಾಯ ಪ್ರಚಾರಕ್ಕೆ ಬಂದ ಇನ್ನೊಂದು ಬಗೆಯ ಪ್ರತಿಮೆಗಳಲ್ಲಿ ಹಣೆಯ ಮೇಲೆ ಸುರುಳಿಸುರುಳಿಯಾಗಿ ಜೋತುಬಿದ್ದ ಕುರುಳುಗಳಿವೆ; ಇವು ಅಲೆಕ್ಸಾಂಡ್ರಿಯದ ಸೆರಾಪಿಸ್ ದೇವರ ಲಕ್ಷಣಗಳು. ಹೀಗೆ ಆಫ್ರಿಕದ ಕುಲೀನನೊಬ್ಬನು ಒಂದು ಮುಖದಲ್ಲಿ ತತ್ತ್ವಜ್ಞಾನಿ ಚಕ್ರವರ್ತಿಯ ಮಗನಾಗಿಯೂ ಮತ್ತೊಂದರಲ್ಲಿ ದೇವಾಂಶಸಂಭೂತನಾಗಿಯೂ ಪ್ರಜೆಗಳಿಗೆ ದರ್ಶನವಿತ್ತನು.

ರಾಜ್ಯಾಡಳಿತದಲ್ಲಿ ಸೆವೆರಸನಿಗೆ ಆಧಾರವಾಗಿದ್ದುದು ಸೈನ್ಯ. ಸಿಂಹಾಸನವನ್ನು ಮಾರಿದ ಪ್ರೀಟೋರಿಯನ್ ಪಡೆಯನ್ನು ವಿಸರ್ಜಿಸಿ, ತನ್ನ ಲೀಜನ್‌ಗಳೆಂಬ ಸೇನಾದಳಗಳಿಂದ ಆರಿಸಿದ ಯೋಧರಿಂದ ಹೊಸ ಪಡೆಯನ್ನು ಕಟ್ಟಿದನು. ಮೂರು ಹೊಸ ಲೀಜನ್‌ಗಳನ್ನು ನೆಲೆಗೊಳಿಸಿ, ಅವುಗಳಲ್ಲೊಂದನ್ನು ರೋಮಿನ ಸಮೀಪದ ಆಲ್ಬಾನಮ್‌ನಲ್ಲಿಯೇ ಇರಿಸಿದನು. ಸೈನಿಕರ ವೇತನವನ್ನು ಏರಿಸಿದನು. ಸೇವೆಯಲ್ಲಿರುವಾಗಲೇ ಅವರು ಸಂಸಾರಸ್ಥರಾಗಲು ಅನುಮತಿ ಕೊಟ್ಟನು. ಈ ವೆಚ್ಚಕ್ಕಾಗಿ ಬೆಳ್ಳಿಯ ಡಿನೇರಿಯಸ್ ನಾಣ್ಯದೊಳಗಿನ ಬೆಳ್ಳಿಯ ಅಂಶ ಸುಮಾರು ಅರ್ಧಕ್ಕೆ ಇಳಿಯಿತು. ಇಂಥ ಸೈನಿಕಪ್ರಧಾನವಾದ ಕಾಲದಲ್ಲಿಯೇ ರೋಮನ್ ನ್ಯಾಯಶಾಸ್ತ್ರ ತನ್ನ ಪರಾಕಾಷ್ಠೆಯನ್ನು ಮುಟ್ಟಿತೆಂಬುದು ವಿಸ್ಮಯದ ಸಂಗತಿ. ಪಪಿನಿಯನ್, ಉಲ್ಪಿಯನ್, ಪೌಲಸ್ ಈ ಮೂವರು ಮಹಾಪಂಡಿತರೂ ಸೆವೆರಸ್ ವಂಶದ ಅಧಿಕಾರಿಗಳು. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಹೊರಡಿಸಿದ ನ್ಯಾಯಸಂಗ್ರಹದಲ್ಲಿ ಉಲ್ಪಿಯನನೊಬ್ಬನ ಬರಹವೇ ಸುಮಾರು ಮೂರರಲ್ಲೊಂದು ಭಾಗದಷ್ಟಿದೆ.

ರೋಮಿನ ಮುಖ್ಯ ಚೌಕದಲ್ಲಿ, ಸೆನೆಟ್ ಸಭಾಭವನದ ಪಕ್ಕದಲ್ಲಿ, 203ರಲ್ಲಿ ಸಮರ್ಪಿತವಾದ ಮೂರು ಕಮಾನುಗಳ ವಿಜಯತೋರಣವು ಈ ವಂಶದ ಸ್ಮಾರಕಗಳಲ್ಲಿ ಪ್ರಧಾನವಾದುದು. ಎತ್ತರ ಸುಮಾರು 21 ಮೀ., ಅಗಲ ಸುಮಾರು 23 ಮೀ. ಪಾರ್ಥಿಯನ್ನರ ಮೇಲೆ ಸೆವೆರಸನು ಸಾಧಿಸಿದ ಜಯ ಇದರ ವಿಷಯ. 198ರ ಜನವರಿಯಲ್ಲಿ ಆತನು ಅವರ ರಾಜಧಾನಿಯಾದ ಟೆಸಿಫನ್ ನಗರವನ್ನು ಹಿಡಿದು, ಮೆಸೊಪೊಟೇಮಿಯವನ್ನು ರೋಮನ್ ಪ್ರಾಂತವನ್ನಾಗಿ ಮಾಡಿದ್ದನು. ಚಿಕ್ಕ ಕಮಾನುಗಳ ಮೇಲ್ಗಡೆಯ ನಾಲ್ಕು ವಿಶಾಲ ಶಿಲಾಫಲಕಗಳಲ್ಲಿ ಮುತ್ತಿಗೆ, ದಾಳಿ, ಶರಣಾಗತಿ, ಸೈನ್ಯವನ್ನು ಕುರಿತ ಚಕ್ರವರ್ತಿಯ ಭಾಷಣ ಮುಂತಾದ ದೃಶ್ಯಗಳು ಕೆಳಗಿನಿಂದ ಮೇಲಕ್ಕೆ ಪಟ್ಟೆಪಟ್ಟೆಯಾಗಿ ಏರುತ್ತವೆ. ಟ್ರೇಜನ್ನನ ಸ್ತಂಭದಲ್ಲಿ ಕಥನವು ಸುರುಳಿಯಾಗಿ ಸಾಗಿದರೆ, ಇಲ್ಲಿ ಇಡೀ ಯುದ್ಧವನ್ನು ಮೇಲಿನಿಂದ ನೋಡಿದಂತೆ, ನೆಲದ ನಕ್ಷೆಯ ಮೇಲೆ ಸಣ್ಣ ಸಣ್ಣ ಆಕೃತಿಗಳನ್ನು ಚೆಲ್ಲಿದಂತೆ ಕಾಣಿಸಲಾಗಿದೆ. ಸೆವೆರಸನು ತನ್ನ ಯುದ್ಧಗಳ ಚಿತ್ರಗಳನ್ನು ಬರೆಸಿ ರೋಮಿನ ಜನರಿಗಾಗಿ ಕಳುಹಿಸಿದನೆಂದು ಇತಿಹಾಸಕಾರ ಹೆರೋಡಿಯನ್ ತಿಳಿಸುತ್ತಾನೆ. ಈ ಫಲಕಗಳಿಗೆ ಅಂಥ ಚಿತ್ರಗಳೇ ಮೂಲವಾಗಿರಬೇಕೆಂಬ ಅಭಿಪ್ರಾಯ ಯುಕ್ತವಾಗಿ ತೋರುತ್ತದೆ. ಗಣರಾಜ್ಯದ ಕಾಲದಿಂದ ಪೂಜ್ಯವಾಗಿದ್ದ ಆ ಚೌಕದಲ್ಲಿ ಆಗಸ್ಟಸನ ತರುವಾಯ ಇಷ್ಟು ದೊಡ್ಡದಾಗಿ ಎದ್ದುನಿಂತ ವಿಜಯತೋರಣ ಇನ್ನೊಂದಿಲ್ಲ. ಸೆನೆಟ್ಟಿನ ಬಾಗಿಲ ಬಳಿಯಲ್ಲಿಯೇ ಸೈನ್ಯದ ವಿಜಯವನ್ನು ಪ್ರತಿಷ್ಠಾಪಿಸಿದುದರ ಇಂಗಿತ ಅಂದಿನ ಸದಸ್ಯರಿಗೆ ತಿಳಿಯದಿದ್ದಿತೆಂದು ಹೇಳಲಾಗದು.

ಹಳೆಯ ಕಟ್ಟಡಗಳ ಜೀರ್ಣೋದ್ಧಾರದಲ್ಲಿಯೂ ಇದೇ ಬುದ್ಧಿ ಕೆಲಸಮಾಡಿತು. ಕಾಮಡಸನ ಕೊನೆಗಾಲದ ಭಾರಿ ಬೆಂಕಿಗೆ ಆಹುತಿಯಾಗಿದ್ದ ಶಾಂತಿದೇವಾಲಯವನ್ನು ಸೆವೆರಸನೂ, ವೆಸ್ಟಾ ದೇವಿಯ ವೃತ್ತಾಕಾರದ ಗುಡಿಯನ್ನು ಜೂಲಿಯಾ ಡೊಮ್ನಾಳೂ ಪುನರ್ನಿರ್ಮಿಸಿದರು. ಪ್ಯಾಂಥಿಯನ್ನಿನ ಮುಂಭಾಗದಲ್ಲಿ ಅಗ್ರಿಪ್ಪನ ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ 202ರ ದುರಸ್ತಿಯ ಶಾಸನವನ್ನು ಇಂದಿಗೂ ಓದಬಹುದು. ಶಾಂತಿದೇವಾಲಯದ ಒಂದು ಗೋಡೆಯ ಮೇಲೆ ಅಳವಡಿಸಿದ್ದ ರೋಮ್ ನಗರದ ಅಮೃತಶಿಲೆಯ ನಕ್ಷೆಯು ಆ ಯುಗದ ಅತ್ಯದ್ಭುತ ಸಾಧನೆಗಳಲ್ಲೊಂದು: ಸುಮಾರು 18 ಮೀ. ಅಗಲ, 13 ಮೀ. ಎತ್ತರ, ನೂರೈವತ್ತರಷ್ಟು ಫಲಕಗಳು. ಸುಮಾರು 240ಕ್ಕೆ ಒಂದರ ಪ್ರಮಾಣದಲ್ಲಿ ದೇವಾಲಯಗಳು ಮಾತ್ರವಲ್ಲದೆ ಅಂಗಡಿ, ಉಗ್ರಾಣ, ಬಾಡಿಗೆ ಮನೆ, ಅವುಗಳ ಮೆಟ್ಟಿಲುಗಳು ಕೂಡ ಅದರಲ್ಲಿ ಕೊರೆಯಲ್ಪಟ್ಟಿದ್ದವು. ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚಾಗಿ ಮಾತ್ರ ಉಳಿದಿರುವ ಆ ಚೂರುಗಳೇ ಪ್ರಾಚೀನ ರೋಮಿನ ಬೀದಿಗಳ ಬಗೆಗೆ ನಮಗಿರುವ ಅತ್ಯಂತ ಬೆಲೆಯುಳ್ಳ ದಾಖಲೆ. ಪ್ಯಾಲಟೈನ್ ಗುಡ್ಡದ ಆಗ್ನೇಯ ಮೂಲೆಯಲ್ಲಿ, ಆಪ್ಪಿಯನ್ ಹೆದ್ದಾರಿಯಿಂದ ನಗರಕ್ಕೆ ಬರುವವರಿಗೆ ಎದುರಾಗುವಂತೆ, ಸೆಪ್ಟಿಝೋಡಿಯಮ್ ಎಂಬ ಮೂರಂತಸ್ತಿನ ಕಂಬಸಾಲಿನ ಮುಖಗೋಡೆ 203ರಲ್ಲಿ ಎದ್ದಿತು. ಹಿಂದೆ ಮನೆಯಿಲ್ಲದ ಈ ಮುಖಗೋಡೆಗೆ ವೈಭವವೇ ಉದ್ದೇಶ. ಆಫ್ರಿಕದಿಂದ ಬರುವ ತನ್ನ ನಾಡಿಗರಿಗೆ ಮೊದಲು ಕಾಣಬೇಕಾದುದು ತನ್ನ ಕಟ್ಟಡವೆಂದು ಸೆವೆರಸನು ಬಯಸಿದನೆಂಬ ಹೇಳಿಕೆ ಒಂದು ಪ್ರಾಚೀನ ಚರಿತ್ರೆಯಲ್ಲಿದೆ.

ಆದರೆ ಆತನ ಹೃದಯವಿದ್ದುದು ಲೆಪ್ಟಿಸ್ ಮ್ಯಾಗ್ನಾದಲ್ಲಿ. ಫಿನೀಷಿಯನ್ನರು ಸ್ಥಾಪಿಸಿದ, ಆಲಿವ್ ಎಣ್ಣೆಯ ವ್ಯಾಪಾರದಿಂದ ಮೊದಲೇ ಸಂಪನ್ನವಾಗಿದ್ದ ಆ ಪಟ್ಟಣಕ್ಕೆ ಆತನು ಇಟಲಿಯ ನಗರಗಳಿಗಿದ್ದ ಕರವಿನಾಯಿತಿಯನ್ನು ದಯಪಾಲಿಸಿ, ಹೊಸ ಬಂದರು, ಕಂಬಸಾಲುಗಳ ರಾಜಬೀದಿ, ಕಾರಂಜಿಮಂಟಪ, ಮಹಾದೇವಾಲಯವುಳ್ಳ ಹೊಸ ಚೌಕ, ಅದಕ್ಕೆ ಹೊಂದಿಕೊಂಡ ಬೆಸಿಲಿಕ ಎಂಬ ವಿಶಾಲ ನ್ಯಾಯಸಭಾಭವನ ಇವುಗಳನ್ನು ಕಟ್ಟಿಸಲು ತೊಡಗಿದನು. ಯುಬೋಯಿಯ ದ್ವೀಪದಿಂದ ಹಸಿರು ಗೆರೆಗಳ ಅಮೃತಶಿಲೆಯ ಕಂಬಗಳೂ, ಈಜಿಪ್ಟಿನ ಅಸ್ವಾನಿನಿಂದ ಕೆಂಪು ಗ್ರ್ಯಾನೈಟ್ ಕಂಬಗಳೂ ಹಡಗುಗಳಲ್ಲಿ ಬಂದವು. ಶಿಲೆಯೊಡನೆ ಶಿಲ್ಪಿಗಳೂ ಬಂದರೆಂಬುದಕ್ಕೆ ಕಲ್ಲುಗಳ ಮೇಲೆ ಉಳಿದಿರುವ ಗ್ರೀಕ್ ಅಕ್ಷರಗಳ ಗುರುತುಗಳು ಸಾಕ್ಷಿ. ಚೌಕದ ಸುತ್ತಲಿನ ಮೊಗಸಾಲೆಯಲ್ಲಿ ಕಮಾನುಗಳು ಅಡ್ಡತೊಲೆಯ ಮಧ್ಯಸ್ಥಿಕೆಯಿಲ್ಲದೆ ನೇರವಾಗಿ ಕಂಬಗಳ ಬೋದಿಗೆಗಳಿಂದಲೇ ಚಿಮ್ಮುತ್ತವೆ. ಕಮಾನು ಕಮಾನುಗಳ ನಡುವಣ ಗುಂಡುಫಲಕಗಳಿಂದ ಮೆಡೂಸಾ ಎಂಬ ಸರ್ಪಕೇಶಿಯ ಮುಖಗಳು ದಿಟ್ಟಿಸುತ್ತವೆ. ಕಮಾನನ್ನು ಕಂಬದ ಮೇಲೆ ನೇರವಾಗಿ ನಿಲ್ಲಿಸುವ ಈ ಕ್ರಮವೇ ಮುಂದೆ ಡಯೊಕ್ಲೀಷಿಯನ್ನನ ಅರಮನೆಯಲ್ಲಿಯೂ ಕ್ರೈಸ್ತರ ಇಗರ್ಜಿಗಳಲ್ಲಿಯೂ ರೂಢಿಯಾಯಿತು. ಬೆಸಿಲಿಕದ ಎರಡು ಕೊನೆಗಳಲ್ಲಿರುವ ಅರ್ಧವೃತ್ತಾಕಾರದ ಅಂಗಗಳ ಪಕ್ಕದ ಚೌಕಗಂಬಗಳ ಮೇಲೆ ಬಳ್ಳಿಗಳ ಸುರುಳಿಯೊಳಗೆ ಹರ್ಕ್ಯುಲೀಸನ ಸಾಹಸಗಳೂ ಡಯೊನೈಸಸ್ ದೇವನ ಪರಿವಾರವೂ ಎಷ್ಟು ಆಳವಾಗಿ ಕೊರೆಯಲ್ಪಟ್ಟಿವೆಯೆಂದರೆ, ಬಿಸಿಲಿನಲ್ಲಿ ಕಲ್ಲು ಕಲ್ಲಾಗಿ ಉಳಿಯದೆ ಬೆಳಕು ನೆರಳುಗಳ ಜಾಲರಿಯಾಗಿ ತೋರುತ್ತದೆ. ಈ ಇಬ್ಬರು ದೇವರೂ ಲೆಪ್ಟಿಸಿನ ಅಧಿದೇವತೆಗಳು. ಊರಿನ ಮಗ ಚಕ್ರವರ್ತಿಯಾದುದರಿಂದ ಅವರು ಸಾಮ್ರಾಜ್ಯದ ನಾಣ್ಯಗಳ ಮೇಲೂ ವಿರಾಜಿಸಿದರು. ತಂದೆ ಆರಂಭಿಸಿದ ಬೆಸಿಲಿಕವನ್ನು 216ರಲ್ಲಿ ಮಗ ಪೂರ್ಣಗೊಳಿಸಿದನು.

ಲೆಪ್ಟಿಸಿನ ಎರಡು ಬೀದಿಗಳು ಕೂಡುವಲ್ಲಿದ್ದ ನಾಲ್ಕು ಮುಖದ ತೋರಣದ ಉಬ್ಬುಶಿಲ್ಪಗಳು ಕಲಾಚರಿತ್ರೆಯ ದೃಷ್ಟಿಯಿಂದ ವಿಶೇಷ ಗಮನಕ್ಕೆ ಯೋಗ್ಯವಾದುವು. ಅವುಗಳಲ್ಲೊಂದರಲ್ಲಿ ಚಕ್ರವರ್ತಿಯೂ ಇಬ್ಬರು ಮಕ್ಕಳೂ ರಥವೇರಿ ಮೆರವಣಿಗೆ ಹೊರಟಿದ್ದಾರೆ. ರಥವೂ ಕುದುರೆಗಳೂ ಪಕ್ಕಕ್ಕೆ ಸಾಗುತ್ತಿದ್ದರೂ ಮೂವರ ಮುಖಗಳು ಮಾತ್ರ ನೇರವಾಗಿ ನೋಡುಗರ ಕಡೆಗೆ ತಿರುಗಿವೆ. ಇದನ್ನು ಶಿಲ್ಪಿಯ ಅಸಾಮರ್ಥ್ಯವೆಂದು ಹಿಂದಿನ ವಿದ್ವಾಂಸರು ಬಗೆದುದುಂಟು. ಆ ಮಾತನ್ನು ಒಪ್ಪುವುದು ಕಷ್ಟ. ಗ್ರೀಕ್ ಸಂಪ್ರದಾಯದ ಸಹಜತೆಯನ್ನು ಬದಿಗಿಟ್ಟು, ದೊರೆಯನ್ನು ದರ್ಶನಕೊಡುವ ದೇವಮೂರ್ತಿಯಂತೆ ನಿಲ್ಲಿಸಬೇಕೆಂಬ ಹೊಸ ಸಂಕಲ್ಪ ಇಲ್ಲಿದೆ. ಮುಂದೆ ಕಾನ್‌ಸ್ಟಂಟೈನನ ಕಾಲದಲ್ಲಿಯೂ ಬಿಝಾಂಟಿಯಮ್ಮಿನ ಕಲೆಯಲ್ಲಿಯೂ ಬೆಳೆದು ನಿಂತುದು ಇದೇ ಸಂಕಲ್ಪ. ಇನ್ನೊಂದು ಫಲಕದಲ್ಲಿ ಸೆವೆರಸನೂ ಕಾರಕಲ್ಲನೂ ಕೈಹಿಡಿದು ನಿಂತಿದ್ದಾರೆ, ಇಬ್ಬರ ನಡುವೆ ಕಿರಿಯನಾದ ಗೆಟಾ ಇದ್ದಾನೆ: ಕುಟುಂಬದ ಸಾಮರಸ್ಯದ ಮೂರ್ತರೂಪ.

ಆ ಸಾಮರಸ್ಯ ಶಿಲೆಯಲ್ಲಿ ಮಾತ್ರ ಇದ್ದಿತು. 208ರಲ್ಲಿ ಸೆವೆರಸನು ಕ್ಯಾಲಿಡೋನಿಯದ ಯುದ್ಧಕ್ಕಾಗಿ ಬ್ರಿಟನ್ನಿಗೆ ಹೋಗಿ, 211ರ ಫೆಬ್ರುವರಿ 4ರಂದು ಇಂದಿನ ಯಾರ್ಕ್ ಪಟ್ಟಣದಲ್ಲಿ ತೀರಿಕೊಂಡನು. ಮಕ್ಕಳು ಒಬ್ಬರಿಗೊಬ್ಬರು ಹೊಂದಿಕೊಂಡಿರಬೇಕೆಂದೂ ಸೈನಿಕರನ್ನು ಶ್ರೀಮಂತರನ್ನಾಗಿ ಮಾಡಬೇಕೆಂದೂ ಉಳಿದವರನ್ನು ಲೆಕ್ಕಿಸಬೇಕಾಗಿಲ್ಲವೆಂದೂ ಆತನು ಕೊನೆಯಲ್ಲಿ ಬೋಧಿಸಿದನೆಂದು ಡಿಯೋ ಹೇಳುತ್ತಾನೆ. ಮೊದಲನೆಯ ಬೋಧೆ ವರ್ಷ ತುಂಬುವವರೆಗೂ ನಿಲ್ಲಲಿಲ್ಲ. ಅದೇ ಡಿಸೆಂಬರಿನಲ್ಲಿ, ಸಂಧಿಯ ನೆಪದಿಂದ ತಾಯಿಯ ಕೋಣೆಗೆ ಕರೆಸಲ್ಪಟ್ಟ ಗೆಟಾ, ಆಕೆಯ ತೋಳುಗಳಲ್ಲಿಯೇ ಅಣ್ಣನ ಕಡೆಯವರ ಕತ್ತಿಗಳಿಗೆ ಬಲಿಯಾದನು. ಅವನಿಗಾಗ ಇಪ್ಪತ್ತೆರಡು ವರ್ಷ. ತಾಯಿಗೆ ಅಳುವ ಸ್ವಾತಂತ್ರ್ಯವೂ ಇರಲಿಲ್ಲ. ತರುವಾಯ ಗೆಟಾ ಎಂಬವನು ಹುಟ್ಟಿಯೇ ಇರಲಿಲ್ಲವೆಂಬಂತೆ ಅವನ ಹೆಸರನ್ನೂ ರೂಪವನ್ನೂ ಸಾಮ್ರಾಜ್ಯದ ಎಲ್ಲೆಡೆಗಳಿಂದ ಅಳಿಸುವ ಕಾರ್ಯ ನಡೆಯಿತು. ರೋಮಿನ ವಿಜಯತೋರಣದ ಮೇಲಿನ ಶಾಸನದ ನಾಲ್ಕನೆಯ ಸಾಲಿನಿಂದ ಅವನ ಹೆಸರಿನ ಕಂಚಿನ ಅಕ್ಷರಗಳನ್ನು ಕಿತ್ತು, ತಂದೆಯನ್ನೂ ಅಣ್ಣನನ್ನೂ ಅತ್ಯುತ್ತಮರೆಂದೂ ಮಹಾಪರಾಕ್ರಮಿಗಳೆಂದೂ ಹೊಗಳುವ ಪದಗಳನ್ನು ಕೂರಿಸಲಾಯಿತು. ಆದರೆ ಹಳೆಯ ಅಕ್ಷರಗಳ ಮೊಳೆಗಳಿಗಾಗಿ ಕೊರೆದ ರಂಧ್ರಗಳು ಮುಚ್ಚಿಹೋಗಲಿಲ್ಲ. ಅವುಗಳ ಸ್ಥಾನವನ್ನು ಗುರುತಿಸಿಕೊಂಡೇ ವಿದ್ವಾಂಸರು ಗೆಟಾನ ಹೆಸರನ್ನು ಮತ್ತೆ ಓದಿದ್ದಾರೆ.

ದನದ ಸಂತೆಯ ಚೌಕದ ಬಳಿ ಬೆಳ್ಳಿವರ್ತಕರೂ ದನದ ವ್ಯಾಪಾರಿಗಳೂ ಕೂಡಿ 204ರಲ್ಲಿ ಚಕ್ರವರ್ತಿಯ ಕುಟುಂಬಕ್ಕೆ ಅರ್ಪಿಸಿದ ದ್ವಾರವೊಂದಿದೆ. ಅದರ ಒಳಮೈಯ ಒಂದು ಫಲಕದಲ್ಲಿ ಸೆವೆರಸನೂ ಜೂಲಿಯಾ ಡೊಮ್ನಾಳೂ ಹೋಮವೇದಿಯ ಮುಂದೆ ನಿಂತಿದ್ದಾರೆ. ಆಕೆಯ ಪಕ್ಕದಲ್ಲಿ ಒಬ್ಬ ಮನುಷ್ಯನಷ್ಟು ಅಗಲದ ಬರಿಯ ಕಲ್ಲು. ಎದುರಿನ ಫಲಕದಲ್ಲಿ ಕಾರಕಲ್ಲನು ಒಬ್ಬನೇ ಉಳಿದಿದ್ದಾನೆ. ಅವನ ಜೊತೆಗಿದ್ದ ಹೆಂಡತಿ ಪ್ಲಾಟಿಲ್ಲಾ, ಅವಳ ತಂದೆಯೂ ಸೆವೆರಸನ ಬಲಗೈಯೂ ಆಗಿದ್ದ ಪ್ಲಾಟಿಯಾನಸ್ ಇಬ್ಬರೂ ಉಳಿಯೇಟಿಗೆ ಮಾಯವಾಗಿದ್ದಾರೆ. 205ರಲ್ಲಿ ಮಾವನನ್ನು ಕೊಲ್ಲಿಸಿದವನೂ ಮುಂದೆ ಹೆಂಡತಿಯನ್ನು ಕೊಲ್ಲಿಸಿದವನೂ ಅದೇ ಕಾರಕಲ್ಲನೇ. ಬರ್ಲಿನ್ನಿನ ಸಂಗ್ರಹಾಲಯದಲ್ಲಿರುವ, ಈಜಿಪ್ಟಿನಿಂದ ಬಂದ, ಸುಮಾರು 30 ಸೆಂ.ಮೀ. ವ್ಯಾಸದ ಮರದ ಹಲಗೆಯ ಚಿತ್ರವಂತೂ ನೋಡುವವರನ್ನು ಕಲಕಿಬಿಡುತ್ತದೆ. ರತ್ನಖಚಿತ ಕಿರೀಟದ, ನರೆತ ಗಡ್ಡದ ಸೆವೆರಸ್, ಮುತ್ತಿನಾಭರಣ ತೊಟ್ಟ ಜೂಲಿಯಾ, ಮುಂದೆ ಒಬ್ಬ ಬಾಲಕ. ಇನ್ನೊಬ್ಬ ಬಾಲಕನ ಉಡುಪು ಇದೆ, ಮುಖವಿದ್ದ ಕಡೆ ಉಜ್ಜಿ ತೆಗೆದ ಕಲೆಯಿದೆ. ಹಲಗೆಯ ಮೇಲೆ ಬರೆದ ರೋಮನ್ ರಾಜಕುಟುಂಬದ ಚಿತ್ರಗಳಲ್ಲಿ ಉಳಿದು ಬಂದಿರುವುದು ಇದೊಂದೇ. ಗೆಟಾನನ್ನು ಮರೆಸಲು ಹೂಡಿದ ಪ್ರಯತ್ನ ಇಷ್ಟು ಕಟುವಾಗಿದ್ದುದರಿಂದಲೇ ಅವನ ನೆನಪು ಅಳಿಯದೆ ಉಳಿಯಿತು.

ಕಾರಕಲ್ಲನ ಪ್ರತಿಮೆಗಳಲ್ಲಿ ತತ್ತ್ವಜ್ಞಾನಿಯ ಪ್ರಶಾಂತತೆ ಕಾಣೆಯಾಯಿತು. ಮೋಟಾಗಿ ಕತ್ತರಿಸಿದ ಕೂದಲು ಗಡ್ಡ, ಸರಕ್ಕನೆ ಪಕ್ಕಕ್ಕೆ ತಿರುಗಿದ ಕುತ್ತಿಗೆ, ಗಂಟುಹಾಕಿದ ಹುಬ್ಬು: ಇದು ಶಿಬಿರದ ಯೋಧನ ಮುಖ, ಭಯವನ್ನು ಹುಟ್ಟಿಸಬೇಕೆಂದೇ ರೂಪಿಸಿದ ಮುಖ. ಮುಂದಿನ ಐವತ್ತು ವರ್ಷಗಳ ಸೈನಿಕ ಚಕ್ರವರ್ತಿಗಳಲ್ಲಿ ಹಲವರು ಇದನ್ನೇ ಅನುಸರಿಸಿದರು. ಗೆಟಾನ ಕೊಲೆಯನ್ನು ಸಮರ್ಥಿಸಲೊಪ್ಪದೆ ಪಪಿನಿಯನ್ ತಲೆಗೊಟ್ಟನೆಂಬುದು ಪ್ರಸಿದ್ಧವಾದ ಪರಂಪರೆ. ಇಂಥ ಕ್ರೂರಿಯೇ 212ರಲ್ಲಿ ಸಾಮ್ರಾಜ್ಯದ ಸ್ವತಂತ್ರ ನಿವಾಸಿಗಳಲ್ಲಿ ಬಹುಮಟ್ಟಿಗೆ ಎಲ್ಲರಿಗೂ ರೋಮನ್ ಪೌರತ್ವವನ್ನು ನೀಡುವ ಶಾಸನವನ್ನು ಹೊರಡಿಸಿದನು. ಪೌರರು ಮಾತ್ರ ತೆರಬೇಕಾಗಿದ್ದ ಉತ್ತರಾಧಿಕಾರ ತೆರಿಗೆಯನ್ನು ಹೆಚ್ಚು ಜನರಿಂದ ವಸೂಲು ಮಾಡುವುದೇ ಇದರ ಗುರಿಯೆಂದು ಡಿಯೋ ಬರೆದಿದ್ದಾನೆ. ಆ ತೆರಿಗೆಯನ್ನು ನೂರಕ್ಕೆ ಐದರಿಂದ ಹತ್ತಕ್ಕೆ ಏರಿಸಿದ್ದೂ ನಿಜ. ಉದ್ದೇಶವೇನೇ ಇರಲಿ, ಫಲ ಮಾತ್ರ ಮಹತ್ತಾದುದು: ಸಿರಿಯದ ರೈತನಿಗೂ ಗಾಲಿನ ಕುಂಬಾರನಿಗೂ ರೋಮಿನ ಕುಲೀನನಿಗೂ ಒಂದೇ ಕಾನೂನು ಅನ್ವಯಿಸತೊಡಗಿತು, ಅಸಂಖ್ಯಾತ ಹೊಸ ಪೌರರು ಆರೇಲಿಯಸ್ ಎಂಬ ಕುಲನಾಮವನ್ನು ಧರಿಸಿದರು. ಸತ್ತವನಿಗೆ ದತ್ತುವಾಗಿ ತಂದೆ ಗಳಿಸಿದ ಹೆಸರು ಹೀಗೆ ಪ್ರಾಂತಪ್ರಾಂತಗಳ ಮನೆಮಾತಾಯಿತು.

216ರಲ್ಲಿ ರೋಮಿನ ಜನರಿಗೆ ತೆರೆದ ಕಾರಕಲ್ಲನ ಸ್ನಾನಗೃಹಗಳು ಪ್ರಾಚೀನ ಎಂಜಿನಿಯರಿಂಗ್ ವಿದ್ಯೆಯ ಶಿಖರಗಳಲ್ಲೊಂದು. ಪ್ರಾಕಾರದೊಳಗಿನ ನೆಲ ಸುಮಾರು 11 ಹೆಕ್ಟೇರು. ಮಧ್ಯದ ಕಟ್ಟಡದಲ್ಲಿ ಈಜುಕೊಳ, ತಣ್ಣೀರಿನ ಮಹಾಶಾಲೆ, ಬೆಚ್ಚನೆಯ ಕೋಣೆ, ಸುಮಾರು 35 ಮೀ. ವ್ಯಾಸದ ಗುಮ್ಮಟದಡಿಯ ಬಿಸಿನೀರಿನ ಶಾಲೆ ಇವು ಒಂದೇ ಅಕ್ಷದ ಮೇಲಿದ್ದು, ಎರಡು ಪಕ್ಕಗಳಲ್ಲಿ ವ್ಯಾಯಾಮದ ಅಂಗಳಗಳಿದ್ದವು. ಒಮ್ಮೆಗೆ ಸುಮಾರು 1,600 ಮಂದಿ ಮೀಯಬಹುದಾಗಿದ್ದಿತು. ನೀರಿಗಾಗಿ ಆಕ್ವಾ ಮಾರ್ಸಿಯಾ ಎಂಬ ಹಳೆಯ ಮೇಲ್ಗಾಲುವೆಯಿಂದ ಪ್ರತ್ಯೇಕವಾದ ಕವಲನ್ನು ತರಲಾಯಿತು. ನೆಲದಡಿಯಲ್ಲಿ ಒಲೆಗಳನ್ನು ಉರಿಸುವವರಿಗಾಗಿಯೂ ಸೌದೆ ಸಾಗಿಸುವ ಗಾಡಿಗಳಿಗಾಗಿಯೂ ಸುರಂಗಗಳ ಜಾಲವಿದ್ದಿತು. ಹದಿನಾರನೆಯ ಶತಮಾನದ ಅಗೆತದಲ್ಲಿ ದೊರೆತು, ಇಂದು ನೇಪಲ್ಸಿನಲ್ಲಿರುವ ಎರಡು ಮಹಾಶಿಲ್ಪಗಳು, ದಣಿದು ಗದೆಗೊರಗಿ ನಿಂತ ಹರ್ಕ್ಯುಲೀಸ್ ಮತ್ತು ಪುರಾಣದ ಡರ್ಸಿಯೆಂಬವಳನ್ನು ಗೂಳಿಗೆ ಕಟ್ಟುತ್ತಿರುವ ಗುಂಪು, ಈ ಭವನದ ಅಲಂಕಾರವಾಗಿದ್ದವು. ಹರ್ಕ್ಯುಲೀಸನ ಮೇಲೆ ಅಥೆನ್ಸಿನ ಗ್ಲೈಕನ್ ತನ್ನ ಹೆಸರನ್ನು ಕೊರೆದಿದ್ದಾನೆ. ಅರಮನೆಗಳಿಗೆ ತಕ್ಕ ಶಿಲ್ಪಗಳ ನಡುವೆ ಕೂಲಿಕಾರನೂ ಸ್ನಾನಮಾಡಿ ಬರುವಂತಾದುದು ಈ ವಂಶದ ರಾಜನೀತಿಯ ಉದಾರಮುಖ.

217ರ ಏಪ್ರಿಲ್ 8ರಂದು ಕ್ಯಾರೀ ಪಟ್ಟಣದ ಬಳಿ ಕಾರಕಲ್ಲನು ತನ್ನವರಿಂದಲೇ ಹತನಾದನು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ಜೂಲಿಯಾ ಡೊಮ್ನಾ ಅದೇ ವರ್ಷ ಆಂಟಿಯಾಕಿನಲ್ಲಿ ಕಣ್ಮುಚ್ಚಿದಳು. ಈಕೆ ವಿದುಷಿ. ತಯಾನಾದ ಅಪೊಲೋನಿಯಸನೆಂಬ ಸಾಧುವಿನ ಚರಿತ್ರೆಯನ್ನು ಫಿಲೊಸ್ಟ್ರೇಟಸನು ಬರೆದುದು ಈಕೆಯ ಅಪೇಕ್ಷೆಯಂತೆ; ಆ ಸಾಧು ತಕ್ಷಶಿಲೆಗೆ ಬಂದು ಭಾರತದ ಜ್ಞಾನಿಗಳನ್ನು ಕಂಡನೆಂಬ ದೀರ್ಘ ವೃತ್ತಾಂತ ಅದರಲ್ಲಿರುವುದು ನಮಗೆ ವಿಶೇಷ ಕುತೂಹಲಕರವಾಗಿದೆ.

ಡೊಮ್ನಾಳ ಸಹೋದರಿ ಜೂಲಿಯಾ ಮೀಸಾ, ಕಾರಕಲ್ಲನ ತರುವಾಯ ಸಿಂಹಾಸನವೇರಿದ್ದ ಮ್ಯಾಕ್ರೈನಸನಿಂದ ರಾಜ್ಯವನ್ನು ಕಿತ್ತು, 218ರಲ್ಲಿ ತನ್ನ ಹದಿನಾಲ್ಕು ವರ್ಷದ ಮೊಮ್ಮಗನನ್ನು ಕಾರಕಲ್ಲನ ಮಗನೆಂದು ಸಾರಿ ಸಿಂಹಾಸನಕ್ಕೇರಿಸಿದಳು. ಎಮೆಸಾದ ಅರ್ಚಕನಾಗಿದ್ದ ಈ ಬಾಲಕನು ತನ್ನ ದೇವರ ಹೆಸರಿನಿಂದಲೇ ಎಲಗಬಾಲಸ್ ಎಂದು ಪ್ರಸಿದ್ಧನಾದನು. ದೇವರ ಪ್ರತೀಕವಾದ ಕರಿಯ ಶಿಲೆಯನ್ನು ರೋಮಿಗೆ ತಂದು, ಪ್ಯಾಲಟೈನ್ ಗುಡ್ಡದ ಮೇಲೆ ಅದಕ್ಕೆ ಮಹಾದೇವಾಲಯವನ್ನು ಕಟ್ಟಿಸಿದನು. ನಾಲ್ಕು ಕುದುರೆಗಳ ರಥದಲ್ಲಿ ಆ ಶಿಲೆ ಬರುವ ದೃಶ್ಯ ಅವನ ಚಿನ್ನದ ನಾಣ್ಯಗಳ ಮೇಲಿದೆ. ಜೂಪಿಟರನಿಗೂ ಮೇಲಾಗಿ ಪರದೇಶದ ದೇವರನ್ನಿರಿಸಿದುದನ್ನು ರೋಮ್ ಸಹಿಸಲಿಲ್ಲ. 222ರ ಮಾರ್ಚಿನಲ್ಲಿ ಅವನೂ ತಾಯಿ ಸೊಯೀಮಿಯಾಸಳೂ ಕೊಲೆಯಾದರು, ಶಿಲೆ ಎಮೆಸಾಗೆ ಮರಳಿತು, ದೇವಾಲಯ ಜೂಪಿಟರನ ಪಾಲಾಯಿತು. ಅವನ ಚಿಕ್ಕಮ್ಮನ ಮಗ ಅಲೆಕ್ಸಾಂಡರ್ ಸೆವೆರಸನು ತಾಯಿ ಮಮೀಯಳ ಆಶ್ರಯದಲ್ಲಿ ಹದಿಮೂರು ವರ್ಷ ಆಳಿದನು. 226ರಲ್ಲಿ ಆತನು ತಂದ ಆಕ್ವಾ ಅಲೆಕ್ಸಾಂಡ್ರಿಯಾನಾ, ಪ್ರಾಚೀನ ರೋಮಿನ ಹನ್ನೊಂದು ಮೇಲ್ಗಾಲುವೆಗಳಲ್ಲಿ ಕೊನೆಯದು. ಪೂರ್ವದಲ್ಲಿ ಪಾರ್ಥಿಯನ್ನರ ಸ್ಥಾನಕ್ಕೆ ಅವರಿಗಿಂತ ಬಲಿಷ್ಠರಾದ ಸಸಾನಿಯರು ಬಂದಿದ್ದರು, ಉತ್ತರದಲ್ಲಿ ಜರ್ಮನರು ಗಡಿಯನ್ನು ದಾಟುತ್ತಿದ್ದರು. ಹಣ ಕೊಟ್ಟು ಸಂಧಿಗೆ ಯತ್ನಿಸಿದ ದೊರೆಯನ್ನು ಮೆಚ್ಚದ ಸೈನಿಕರು 235ರಲ್ಲಿ ಇಂದಿನ ಮೈಂಟ್ಸ್ ಬಳಿ ತಾಯಿ ಮಗ ಇಬ್ಬರನ್ನೂ ಕೊಂದರು; ಸೆವೆರಸನು ಪೋಷಿಸಿದ ಸೈನ್ಯವೇ ಆತನ ವಂಶವನ್ನು ಮುಗಿಸಿತು.

ಕಟ್ಟಡಗಳ ಪಾಲಿಗೆ ಬಂದ ಗತಿ ಒಂದೇ ತೆರನಾಗಿರಲಿಲ್ಲ. ಸೆಪ್ಟಿಝೋಡಿಯಮ್ಮಿನಲ್ಲಿ ಉಳಿದಿದ್ದ ಭಾಗವನ್ನು 1588–89ರಲ್ಲಿ ಐದನೆಯ ಸಿಕ್ಸ್‌ಟಸ್ ಪೋಪ್ ಕೆಡಹಿಸಿ, ಕಲ್ಲುಗಳನ್ನು ತನ್ನ ಕಟ್ಟಡಗಳಿಗೆ ಬಳಸಿದನು. ಮರಳಿನಡಿ ಹುದುಗಿದ್ದ ಲೆಪ್ಟಿಸಿನಿಂದ ಹದಿನೇಳನೆಯ ಶತಮಾನದಲ್ಲಿ ನೂರಾರು ಕಂಬಗಳು ಫ್ರಾನ್ಸಿಗೆ ಸಾಗಿದವು, ಹತ್ತೊಂಬತ್ತರಲ್ಲಿ ಕೆಲವು ಇಂಗ್ಲೆಂಡಿನ ವಿಂಡ್ಸರ್ ಉದ್ಯಾನದ ಅಲಂಕಾರಕ್ಕಾಗಿ ಹೋದವು. 1920ರ ದಶಕದಿಂದ ಇಟಲಿಯ ಪುರಾತತ್ತ್ವಜ್ಞರು ಉಳಿದುದನ್ನು ಅಗೆದು ತೆಗೆದರು. 1982ರಲ್ಲಿ ಯುನೆಸ್ಕೊ ಲೆಪ್ಟಿಸನ್ನು ವಿಶ್ವಪರಂಪರೆಯ ತಾಣವೆಂದು ಅಂಗೀಕರಿಸಿತು, ಲಿಬಿಯದ ಅಂತರ್ಯುದ್ಧದ ಕಾರಣದಿಂದ 2016ರಲ್ಲಿ ಅಪಾಯಕ್ಕೊಳಗಾದ ತಾಣಗಳ ಪಟ್ಟಿಗೆ ಸೇರಿಸಿತು.